ಅಗ್ಗಿಷ್ಟಿಕೆಯ ಮುಂಗಟ್ಟೆಗೆ ಟೈಲ್ಸ್: ಮೊದಲು ಕೆಳಗೇನಿದೆ ನೋಡಿ

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮದೊಂದು ಹಳೆಯ ಎಸ್ಟೇಟ್ ಬಂಗಲೆಯಿದೆ. ಅದರ ಹಜಾರದಲ್ಲಿ ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಬಾಯಿಯಿರುವ ಅಗ್ಗಿಷ್ಟಿಕೆ ಇದೆ. ಅದರ ಮುಂದಿನ ರೆಡ್ ಆಕ್ಸೈಡ್ ಕಟ್ಟೆ ಬಿರುಕು ಬಿಟ್ಟಿದ್ದರಿಂದ ಅದರ ಮೇಲೆಯೇ ಸಿಮೆಂಟ್ ಹಾಲು ಸುರಿದು ಹೊಳಪಿನ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಒಂದೇ ಚಳಿಗಾಲದಲ್ಲಿ ಬಾಯಿಯ ಹತ್ತಿರದ ಟೈಲ್ಸ್ ಎದ್ದುಬಂದವು, ಎರಡು ಒಡೆದೂ ಹೋದವು. ಈಗಿರುವ ಕಟ್ಟೆ ಮುಂದಕ್ಕೆ ಹದಿನಾಲ್ಕು ಇಂಚು, ಎರಡೂ ಪಕ್ಕಕ್ಕೆ ಆರಾರು ಇಂಚು ಚಾಚಿದೆ. ಅದರಾಚೆಗೆಲ್ಲ ತೇಗದ ಹಲಗೆಯ ನೆಲ. ಹೋಂಸ್ಟೇ ಆರಂಭಿಸುವ ಆಲೋಚನೆ ಇರುವುದರಿಂದ ಕಟ್ಟೆಯನ್ನು ಇನ್ನಷ್ಟು ದೊಡ್ಡದು ಮಾಡಬೇಕೆಂದಿದ್ದೇವೆ. ಹಲಗೆಯ ಮೇಲೆಯೇ ಸಿಮೆಂಟ್ ಬೋರ್ಡ್ ಬಡಿದು ಟೈಲ್ಸ್ ಹಾಕಬಹುದು ಎಂದು ಮೇಸ್ತ್ರಿ ಹೇಳುತ್ತಾರೆ. ಇದು ಸರಿಯೇ? ಯಾವ ಟೈಲ್ಸ್, ಯಾವ ಅಂಟು ಬಳಸಬೇಕು? ಬೆಂಕಿ ಉರಿಯುವ ಗೂಡಿನ ಒಳನೆಲಕ್ಕೂ ಅದೇ ಟೈಲ್ಸ್ ಹಾಕಬಹುದೇ?

ಉತ್ತರ: ಎದ್ದುಬಂದ ಟೈಲ್ಸ್‌ಗಳಲ್ಲಿ ಒಂದನ್ನು ತಿರುಗಿಸಿ ಅದರ ಬೆನ್ನನ್ನು ನೋಡಿ. ತಯಾರಕರ ಹೆಸರು, ಚೌಕಳಿ ಗೆರೆ ಎಲ್ಲವೂ ಅಂಗಡಿಯಿಂದ ತಂದ ದಿನದಂತೆ ಸ್ವಚ್ಛವಾಗಿ ಕಾಣುತ್ತಿದ್ದು, ಸಿಮೆಂಟ್ ಅಷ್ಟೂ ನೆಲದಲ್ಲೇ ಉಳಿದಿದ್ದರೆ, ಆ ಟೈಲ್ಸ್ ಮೊದಲಿನಿಂದಲೂ ಅಂಟಿಕೊಂಡಿರಲಿಲ್ಲ ಎಂದೇ ತಿಳಿಯಬೇಕು. ಬೆಂಕಿಯ ಬಿಸಿ ಆ ಸಂಗತಿಯನ್ನು ಬೇಗ ಬಯಲಿಗೆ ತಂದಿತು, ಅಷ್ಟೆ. ಬದಲಿಗೆ ಟೈಲ್ಸ್‌ನ ಬೆನ್ನಿಗೆ ಸಿಮೆಂಟ್ ಅಂಟಿಕೊಂಡು, ಅದರೊಂದಿಗೆ ಕೆಂಪು ಆಕ್ಸೈಡಿನ ತೆಳು ಪೊರೆಯೂ ಕಿತ್ತು ಬಂದಿದ್ದರೆ ದೋಷ ಕೆಳಗಿನ ಪದರದ್ದು. ನಿಮ್ಮಲ್ಲಿ ಎರಡೂ ಸೇರಿರುವ ಸಾಧ್ಯತೆಯೇ ಹೆಚ್ಚು.

ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಹಿಂದಿನ ಕಾಲದ ಮಣ್ಣಿನ ಬಿಲ್ಲೆಗಳು ಸಿಮೆಂಟ್ ಹಾಲನ್ನು ಹೀರಿಕೊಂಡು ಕಚ್ಚಿ ಹಿಡಿಯುತ್ತಿದ್ದವು. ಈ ಹೊಸ ಟೈಲ್ಸ್‌ಗೆ ಆ ಗುಣವೇ ಇಲ್ಲ. ಹೀಗಾಗಿ ಬರಿಯ ಸಿಮೆಂಟ್ ಹಾಲಿನ ಮೇಲೆ ಕೂರಿಸಿದ ವಿಟ್ರಿಫೈಡ್ ಟೈಲ್ಸ್ ತನ್ನ ಭಾರದಿಂದಷ್ಟೇ ನಿಂತಿರುತ್ತದೆ. ಕೆಳಗಿದ್ದ ರೆಡ್ ಆಕ್ಸೈಡ್ ನೆಲವೋ, ದಶಕಗಳ ಕಾಲ ಮೇಣ ಉಜ್ಜಿಸಿಕೊಂಡು ನುಣುಪಾದದ್ದು. ಮೇಣವಿರುವ ಕಡೆ ಯಾವ ಸಿಮೆಂಟೂ ಹಿಡಿಯದು. ಇವೆರಡರ ಜೊತೆಗೆ, ಮೇಸ್ತ್ರಿ ಟೈಲ್ಸ್‌ಗಳನ್ನು ಒಂದಕ್ಕೊಂದು ತಾಗಿಸಿ, ಗೂಡಿನ ಇಟ್ಟಿಗೆಗೂ ತಾಗಿಸಿ ಕೂರಿಸಿದ್ದರೆ ಬಿಸಿಗೆ ಹಿಗ್ಗಲು ಜಾಗವೇ ಇರುವುದಿಲ್ಲ. ಒಂದೂವರೆ ಮೀಟರ್ ಉದ್ದದ ಕಟ್ಟೆ 60 ಡಿಗ್ರಿಯಷ್ಟು ಬಿಸಿಯೇರಿದರೆ ಕಾಂಕ್ರೀಟ್ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ, ಟೈಲ್ಸ್ ಸುಮಾರು 0.6 ಮಿ.ಮೀ. ಹಿಗ್ಗುತ್ತದೆ. ಅಳತೆ ಅಲ್ಪವೆನಿಸಬಹುದು, ಆದರೆ ಪ್ರತಿ ರಾತ್ರಿ ಹಿಗ್ಗಿ, ಪ್ರತಿ ಬೆಳಗ್ಗೆ ಕುಗ್ಗುವ ಎರಡು ಪದರಗಳ ನಡುವೆ ಇಷ್ಟು ವ್ಯತ್ಯಾಸವಿದ್ದರೆ ದುರ್ಬಲ ಅಂಟು ಒಂದು ಚಳಿಗಾಲವನ್ನೂ ತಾಳುವುದಿಲ್ಲ.

ನೀವು ಟೈಲ್ಸ್ ಯಾವುದು, ಅಂಟು ಯಾವುದು ಎಂದು ಕೇಳಿದ್ದೀರಿ. ಅದಕ್ಕೆ ಉತ್ತರಿಸುತ್ತೇನೆ, ಆದರೆ ಈ ಕೆಲಸದಲ್ಲಿ ಅವೆರಡೂ ಕೊನೆಯ ನಿರ್ಧಾರಗಳು. ಟೈಲ್ಸ್ ಕೆಳಗೆ ಏನಿದೆ, ಎಷ್ಟು ದಪ್ಪವಿದೆ, ಮರ ಎಲ್ಲಿಂದ ಶುರುವಾಗುತ್ತದೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಮುಂಗಟ್ಟೆ ಎಂಬುದು ಅಂದಕ್ಕಾಗಿ ಹಾಕುವ ಹಾಸಲ್ಲ. ಉರುಳಿಬಂದ ಕೊಳ್ಳಿಯನ್ನೂ ಸಿಡಿದ ಕೆಂಡವನ್ನೂ ಮನೆಯ ಮರಕ್ಕೆ ಮುಟ್ಟದಂತೆ ತಡೆಯುವುದೇ ಅದರ ಕೆಲಸ.

ಮೊದಲು ಅಳತೆಯ ವಿಷಯ. ಅಮೆರಿಕದ ವಸತಿ ಕಟ್ಟಡ ಸಂಹಿತೆಯಲ್ಲಿ ಒಂದು ಸರಳ ನಿಯಮವಿದೆ. ಅಗ್ಗಿಷ್ಟಿಕೆಯ ಬಾಯಿ ಆರು ಚದರಡಿಗಿಂತ ಚಿಕ್ಕದಾಗಿದ್ದರೆ ಮುಂಗಟ್ಟೆ ಮುಂದಕ್ಕೆ ಕನಿಷ್ಠ 16 ಇಂಚು, ಪಕ್ಕಗಳಿಗೆ 8 ಇಂಚು ಚಾಚಿರಬೇಕು. ಆರು ಚದರಡಿ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಮುಂದಕ್ಕೆ 20 ಇಂಚು, ಪಕ್ಕಗಳಿಗೆ 12 ಇಂಚು. ನಮ್ಮ ಮಲೆನಾಡಿನ ಬಂಗಲೆಗಳು ಯಾವ ಮಾದರಿಯನ್ನು ಅನುಸರಿಸಿದವೋ ಆ ಬ್ರಿಟನ್ನಿನ ಇಂದಿನ ಮಾರ್ಗಸೂಚಿ ಮುಂದಕ್ಕೆ 500 ಮಿ.ಮೀ., ಪಕ್ಕಗಳಿಗೆ 150 ಮಿ.ಮೀ. ಎನ್ನುತ್ತದೆ, ಕಟ್ಟೆಯ ದಪ್ಪ 125 ಮಿ.ಮೀ.ಗೆ ಕಡಿಮೆಯಾಗಬಾರದು ಎನ್ನುತ್ತದೆ. ನಿಮ್ಮ ಅಗ್ಗಿಷ್ಟಿಕೆಯ ಬಾಯಿ ಏಳೂವರೆ ಚದರಡಿ. ಆದ್ದರಿಂದ ಮುಂದಕ್ಕೆ 20 ಇಂಚು, ಪಕ್ಕಗಳಿಗೆ 12 ಇಂಚು ಎಂಬುದನ್ನೇ ಕನಿಷ್ಠ ಎಂದಿಟ್ಟುಕೊಳ್ಳಿ. ಈಗಿರುವ ಹದಿನಾಲ್ಕು ಇಂಚು ಯಾವ ಲೆಕ್ಕಕ್ಕೂ ಸಾಲದು. ಮನೆಯವರಾದರೆ ಬೆಂಕಿಗೆ ಎಷ್ಟು ಸೌದೆ ಹಾಕಬೇಕೆಂದು ಬಲ್ಲರು; ಬೆಂಕಿ ಕಾಯುವುದನ್ನೇ ಒಂದು ಸಂಭ್ರಮವಾಗಿ ನೋಡುವ ಅತಿಥಿಗಳು ಗೂಡು ತುಂಬ ಸಿಲ್ವರ್ ಓಕ್ ಕೊರಡು ಪೇರಿಸುತ್ತಾರೆ. ಅದನ್ನು ನಿರೀಕ್ಷಿಸಿಯೇ ಕಟ್ಟಬೇಕು.

ಇನ್ನು ಹಲಗೆಯ ಮೇಲೆ ಸಿಮೆಂಟ್ ಬೋರ್ಡ್ ಬಡಿಯುವ ಸಲಹೆ. ಅದನ್ನು ಖಂಡಿತ ಒಪ್ಪಬೇಡಿ. ಬೋರ್ಡೂ ಟೈಲ್ಸೂ ಉರಿಯುವುದಿಲ್ಲ ಎಂಬುದು ನಿಜ, ಆದರೆ ಎರಡೂ ಬಿಸಿಯನ್ನು ಕೆಳಕ್ಕೆ ದಾಟಿಸುತ್ತವೆ. ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250ರಿಂದ 300 ಡಿಗ್ರಿ ಬಿಸಿ ಬೇಕು ಎನ್ನುತ್ತಾರೆ. ಆದರೆ ಅದಕ್ಕಿಂತ ಬಹಳ ಕಡಿಮೆ ಬಿಸಿಗೆ ವರ್ಷಗಟ್ಟಲೆ ಸಿಕ್ಕ ಮರ ಒಳಗೊಳಗೇ ಕರಿಕಾಗುತ್ತ ಬಂದು, ಕಡೆಗೆ ಹಿಂದೆ ತಾಳಿಕೊಳ್ಳುತ್ತಿದ್ದ ಬಿಸಿಗೇ ಹೊತ್ತಿಕೊಳ್ಳಬಲ್ಲದು. ಬೋರ್ಡಿನ ಕೆಳಗೆ, ಗಾಳಿಯಾಡದ ಕಡೆ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ಮಾತು: ಅಂಗಡಿಯಲ್ಲಿ ಸಿಮೆಂಟ್ ಬೋರ್ಡ್ ಎಂದು ಮಾರುವ ಕೆಲವು ಹಲಗೆಗಳಲ್ಲಿ ಮರದ ಚೂರೂ ಸಾಕಷ್ಟು ಬೆರೆತಿರುತ್ತದೆ. ಅವು ಗೋಡೆ, ಅಟ್ಟಗಳಿಗೆ ಸರಿ, ಬೆಂಕಿಯ ಮುಂದೆ ಅಲ್ಲ. ಹಳೆಯ ಆಸ್ಬೆಸ್ಟಾಸ್ ಶೀಟಿನ ತುಂಡು ಉಗ್ರಾಣದಲ್ಲಿದೆ, ಅದನ್ನೇ ಹಾಕೋಣ ಎಂದು ಯಾರಾದರೂ ಹೇಳಿದರೆ ಅದಕ್ಕೂ ಒಪ್ಪಬೇಡಿ. ಅದನ್ನು ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ.

ಆದ್ದರಿಂದ ಕಟ್ಟೆ ಬೆಳೆಯಬೇಕಾದಷ್ಟು ಜಾಗದಲ್ಲಿ ಹಲಗೆಯನ್ನು ಕತ್ತರಿಸಿ ತೆಗೆಯಲೇಬೇಕು. ತೆಗೆಯುವ ಮೊದಲು ನೆಲದ ಅಡಿಯಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಹಲಗೆ ನೆಲದ ಹಳೆಯ ಬಂಗಲೆಗಳಲ್ಲಿ ಪಾಯದ ಗೋಡೆಗೆ ಗಾಳಿಗಿಂಡಿಗಳಿರುತ್ತವೆ. ಅಲ್ಲಿಂದ ಟಾರ್ಚ್ ಬಿಟ್ಟರೆ, ಅಥವಾ ಮೂಲೆಯ ಒಂದು ಹಲಗೆಯನ್ನು ಎತ್ತಿದರೆ, ಅಗ್ಗಿಷ್ಟಿಕೆಯ ಬುಡ ಕಾಣುತ್ತದೆ. ಚಿಮಣಿಯ ಗೋಡೆಯಿಂದ ಹೊರಟು ಮುಂದಿನ ಅಡ್ಡತೊಲೆಯವರೆಗೆ ಬಾಗಿದ ಇಟ್ಟಿಗೆಯ ಗಿಡ್ಡ ಕಮಾನೊಂದು ಕಟ್ಟೆಯನ್ನು ಹೊತ್ತಿರುವುದು ಆ ಕಾಲದ ವಾಡಿಕೆ. ಕೆಲವೆಡೆ ಕಮಾನಿನ ಬದಲು ಕಲ್ಲಿನ ಚಪ್ಪಡಿ ಇರುತ್ತದೆ. ಕಮಾನು ಕಟ್ಟುವಾಗ ಕೆಳಗೆ ಆಸರೆಗೆ ಕೊಟ್ಟ ಮರದ ಸೆಂಟ್ರಿಂಗ್ ಇನ್ನೂ ಅಲ್ಲೇ ಉಳಿದಿದೆಯೇ ಎಂದು ಮುಖ್ಯವಾಗಿ ನೋಡಿ. ಕೆಲಸ ಮುಗಿದ ಮೇಲೆ ಯಾರಿಗೂ ಕಾಣದ ಜಾಗವಾದ್ದರಿಂದ ಅದನ್ನು ಬಿಚ್ಚದೆ ಬಿಟ್ಟಿರುವುದು ಅಪರೂಪವಲ್ಲ. ಇದ್ದರೆ ತೆಗೆಸಿಬಿಡಿ. ತೊಲೆಯ ತುದಿಗಳಲ್ಲಿ ಗೆದ್ದಲು ಇದೆಯೇ, ಕಟ್ಟೆಯ ಪಕ್ಕದ ಮರ ಕಪ್ಪಾಗಿದೆಯೇ ಎಂಬುದೂ ಇದೇ ಸಂದರ್ಭದಲ್ಲಿ ತಿಳಿಯುತ್ತದೆ. ಉಳಿಯ ಮೊನೆಯಿಂದ ಚುಚ್ಚಿದಾಗ ಮರ ಪುಡಿಯಾಗಿ ಉದುರಿದರೆ ಟೈಲ್ಸ್ ಮಾತನ್ನು ಬದಿಗಿಟ್ಟು ಮೊದಲು ಬಡಗಿಯನ್ನು ಕರೆಸಿ.

ನಿಮ್ಮ ಹಜಾರ ನೆಲಮಟ್ಟದಲ್ಲೇ ಇದೆ ಎಂದು ಭಾವಿಸಿ ಮುಂದಿನ ಮಾತು ಹೇಳುತ್ತೇನೆ. ಮಹಡಿಯ ಕೋಣೆಯಾದರೆ, ಅಥವಾ ಹಲಗೆಯ ಜೊತೆ ತೊಲೆಯನ್ನೂ ಕತ್ತರಿಸಬೇಕಾಗಿ ಬಂದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡದೆ ಗರಗಸ ಆಡಿಸಬೇಡಿ. ನೆಲಮಟ್ಟದಲ್ಲಾದರೆ ದಾರಿ ಸುಲಭ. ಪಾಯದೊಳಗಿನ ಗಟ್ಟಿ ಮಣ್ಣಿನ ಮೇಲೆ ತೆಳುವಾಗಿ ಕಾಂಕ್ರೀಟ್ ಹಾಸಿ, ಕಟ್ಟೆಯ ಹೊಸ ಅಂಚಿನ ಕೆಳಗೆ ಇಟ್ಟಿಗೆಯ ಗಿಡ್ಡ ಗೋಡೆ ಎಬ್ಬಿಸಿ, ಹಳೆಯ ಕಮಾನಿನ ಪಕ್ಕದಲ್ಲಿ ಅದರಷ್ಟೇ ಮಟ್ಟಕ್ಕೆ 125 ಮಿ.ಮೀ. ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿ. ಇಷ್ಟು ಚಿಕ್ಕ ಸ್ಲ್ಯಾಬಿಗೆ 8 ಮಿ.ಮೀ. ಕಂಬಿಯನ್ನು ಎರಡೂ ದಿಕ್ಕಿನಲ್ಲಿ 150 ಮಿ.ಮೀ. ಅಂತರಕ್ಕೆ ಕಟ್ಟಿದರೆ ಸಾಕು. ಸ್ಲ್ಯಾಬಿನ ತಳಕ್ಕೂ ಯಾವುದೇ ಮರಕ್ಕೂ ನಡುವೆ ಕನಿಷ್ಠ 50 ಮಿ.ಮೀ. ಗಾಳಿ ಇರಲಿ. ಸೆಂಟ್ರಿಂಗ್ ಹಲಗೆಯನ್ನು ಬಿಚ್ಚಿ ಹೊರತೆಗೆಯಲು ದಾರಿ ಬಿಟ್ಟುಕೊಂಡೇ ಕಾಂಕ್ರೀಟ್ ಹಾಕಿಸಬೇಕು. ಇಲ್ಲವಾದರೆ ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಇನ್ನೊಬ್ಬರು ಟಾರ್ಚ್ ಬಿಟ್ಟು ನಿಮ್ಮನ್ನು ಬೈದುಕೊಳ್ಳುತ್ತಾರೆ.

ಸ್ಲ್ಯಾಬಿಗೆ ಗೋಣಿಚೀಲ ಹೊದಿಸಿ ಕನಿಷ್ಠ ಏಳು ದಿನ ಎಡೆಬಿಡದೆ ನೀರುಣಿಸಿ. ಆಮೇಲೆ ಒಣಗಲು ಬಿಡಿ. ಟೈಲ್ಸ್ ಕೂರಿಸಲು ಇಪ್ಪತ್ತೆಂಟು ದಿನ ತುಂಬಲಿ. ಮಲೆನಾಡಿನ ಮಳೆಗಾಲದಲ್ಲಿ ಕಾಂಕ್ರೀಟ್ ಗಟ್ಟಿಯಾದೀತೇ ಹೊರತು ಒಣಗುವುದಿಲ್ಲ. ಒಳಗೆ ತೇವ ಉಳಿದ ಕಟ್ಟೆಯ ಮೇಲೆ ಬೆಂಕಿ ಹಾಕಿದರೆ ಆ ತೇವ ಮೇಲೇರಿ ಟೈಲ್ಸ್ ನಡುವೆ ತುಂಬುವ ಗ್ರೌಟಿನ ಸಂದಿಗಳಲ್ಲಿ ಬಿಳಿ ಉಪ್ಪಾಗಿ ಕಾಣಿಸಿಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಆಗ ಆಳೂ ಸಿಗುವುದಿಲ್ಲ, ಬೆಂಕಿಯೂ ಬೇಕು. ಕೊಯ್ಲು ಮುಗಿದ ಮೇಲೆ, ಮಾರ್ಚಿನಿಂದ ಮೇ ನಡುವೆ, ಕಾಫಿ ಹೂ ಅರಳಿಸುವ ಹೂಮಳೆಯ ಒಂದೆರಡು ದಿನ ಬಿಟ್ಟರೆ ಈ ಕೆಲಸಕ್ಕೆ ಅತ್ಯುತ್ತಮ ಕಾಲ.

ಹಳೆಯ ಕಟ್ಟೆಯ ಭಾಗವನ್ನು ಒಡೆದು ಹಾಕಬೇಕಾಗಿಲ್ಲ. ಉಳಿದಿರುವ ಟೈಲ್ಸ್, ಸಿಮೆಂಟ್ ಹಾಲಿನ ಪದರ, ರೆಡ್ ಆಕ್ಸೈಡ್ ಮೂರನ್ನೂ ಉಳಿಯಿಂದ ಕೆತ್ತಿ ತೆಗೆದು, ಗಟ್ಟಿ ಇಟ್ಟಿಗೆ ಅಥವಾ ಗಾರೆ ಕಾಣುವವರೆಗೆ ಹೋಗಿ. ಆಕ್ಸೈಡನ್ನು ಹಾಗೆಯೇ ಬಿಟ್ಟು ಅಲ್ಲಲ್ಲಿ ಕಚ್ಚು ಹಾಕಿದರೆ ಸಾಲದೇ ಎಂದು ಮೇಸ್ತ್ರಿ ಕೇಳಬಹುದು. ಬೇರೆ ಕೋಣೆಯಾಗಿದ್ದರೆ ಸಾಕಿತ್ತು. ಇಲ್ಲಿ ಮೇಣವೂ ಮಸಿಯೂ ಬಿರುಕುಗಳೊಳಗೆ ಇಳಿದಿರುತ್ತವೆ. ಇದಕ್ಕೆ ಒಂದು ಸರಳ ಪರೀಕ್ಷೆ ಇದೆ: ಕೆತ್ತಿದ ನೆಲದ ಮೇಲೆ ನೀರು ಚಿಮುಕಿಸಿ. ಹನಿಗಳು ಮುತ್ತಿನಂತೆ ನಿಂತರೆ ಇನ್ನೂ ಮೇಣವಿದೆ. ನೆಲ ನೀರನ್ನು ಹೀರಿ ಕಪ್ಪಾದರೆ ಅಂಟು ಹಿಡಿಯುತ್ತದೆ. ಕೆತ್ತುವಾಗ, ಟೈಲ್ಸ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುವುದರಿಂದ ಎನ್-95 ಮುಖಗವಸು ಕಡ್ಡಾಯ. ಕಟ್ಟರ್‌ಗೆ ನೀರು ಬಿಟ್ಟುಕೊಂಡೇ ಕತ್ತರಿಸಲಿ. ಕೆತ್ತುವಾಗ ಕೆಳಗೆ ಹಳೆಯ ಕೆಂಪು ಮಣ್ಣಿನ ಬಿಲ್ಲೆಗಳು ಸಿಕ್ಕಿದರೆ ಸ್ವಲ್ಪ ತಾಳಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ಹೆಂಚಿನ ಜೊತೆಗೆ ನೆಲದ ಬಿಲ್ಲೆಗಳೂ ಘಟ್ಟ ಹತ್ತಿ ಬಂದವು. ಅವು ಇಡಿಯಾಗಿದ್ದರೆ, ನನ್ನನ್ನು ಕೇಳಿದರೆ, ಹೊಸ ಟೈಲ್ಸ್ ತರುವ ಬದಲು ಅವನ್ನೇ ತೊಳೆದು ಮರಳಿ ಕೂರಿಸುವುದು ಮೇಲು.

ಈಗ ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದದ್ದು ಅದನ್ನು ಅವಲಂಬಿಸಿದೆ. ಬೆಂಕಿಗೂಡಿನ ಒಳನೆಲಕ್ಕೆ ಟೈಲ್ಸ್ ಹಾಕಬಾರದು, ಗ್ರಾನೈಟೂ ಹಾಕಬಾರದು. ಉರಿಯುವ ಕೆಂಡದ ಅಡಿಯಲ್ಲಿ ಬಿಸಿ ನೂರಾರು ಡಿಗ್ರಿ ಮುಟ್ಟುತ್ತದೆ. ಸಿಮೆಂಟಿನೊಳಗಿನ ಸುಣ್ಣದ ಅಂಶ ಸುಮಾರು 400 ಡಿಗ್ರಿ ದಾಟಿದ ಮೇಲೆ ನೀರನ್ನು ಕಳೆದುಕೊಳ್ಳುತ್ತದೆ, ಆರಿದ ಮೇಲೆ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಹೀಗೆ ಕೆಲವು ಸಲವಾದರೆ ಗಾರೆ ಬೆರಳಿಂದ ಉಜ್ಜಿದರೂ ಪುಡಿಯಾಗುತ್ತದೆ. ಗ್ರಾನೈಟಿನ ಕತೆ ಬೇರೆ. ಅದರೊಳಗಿನ ಬೆಣಚುಕಲ್ಲಿನ ಹರಳುಗಳು 573 ಡಿಗ್ರಿಯಲ್ಲಿ ತಮ್ಮ ರಚನೆಯನ್ನೇ ಬದಲಿಸಿ ಒಮ್ಮೆಲೇ ಹಿಗ್ಗುತ್ತವೆ, ಕಲ್ಲು ಚಟಪಟ ಸಿಡಿಯುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಕಲ್ಲಿನ ಕಾರ್ಖಾನೆಗೆ ಹೋಗಿ: ಜಾರದ ನೆಲಕ್ಕಾಗಿ ‘ಫ್ಲೇಮ್ಡ್’ ಎಂದು ಮಾರುವ ಒರಟು ಗ್ರಾನೈಟನ್ನು ಮಾಡುವುದೇ ಹೀಗೆ. ನಯವಾದ ಚಪ್ಪಡಿಯ ಮೇಲೆ ಗ್ಯಾಸಿನ ಜ್ವಾಲೆ ಆಡಿಸುತ್ತಾರೆ, ಮೇಲ್ಪದರ ಚಕ್ಕೆ ಚಕ್ಕೆಯಾಗಿ ಹಾರಿ ಬೀಳುತ್ತದೆ.

ಒಳನೆಲಕ್ಕೂ ಒಳಗೋಡೆಗೂ ಬೇಕಾದದ್ದು ಫೈರ್ ಬ್ರಿಕ್ಸ್, 230 × 115 × 75 ಮಿ.ಮೀ. ಅಳತೆಯ ಬೆಂಕಿ ಇಟ್ಟಿಗೆ. ಅವನ್ನು ಫೈರ್‌ಕ್ಲೇ (ಬಿಸಿ ತಾಳುವ ಜೇಡಿಮಣ್ಣು) ಗಾರೆಯಲ್ಲಿ, ಸಂದಿ 3ರಿಂದ 5 ಮಿ.ಮೀ. ಮೀರದಂತೆ ಕೂರಿಸಬೇಕು. ಗಟ್ಟಿಯಾಗಲೆಂದು ಒಂದು ಹಿಡಿ ಸಿಮೆಂಟ್ ಬೆರೆಸುವ ಅಭ್ಯಾಸ ಕೆಲವು ಮೇಸ್ತ್ರಿಗಳಿಗಿದೆ, ಅದು ಬೇಡ. ಮನೆ ಕಟ್ಟುವ ಮೇಸ್ತ್ರಿಗಿಂತ ಬೇಕರಿಯ ಭಟ್ಟಿ ಕಟ್ಟುವವರು ಈ ಕೆಲಸವನ್ನು ಚೆನ್ನಾಗಿ ಬಲ್ಲರು. ಬೇಕರಿಗಳಿಗೆ ಹೆಸರಾದ ಹಾಸನ ಜಿಲ್ಲೆಯಲ್ಲಿ ನಿಮಗೆ ಅಂಥವರು ಸಿಗುವುದು ಕಷ್ಟವಾಗಲಾರದು, ಇಟ್ಟಿಗೆ ಎಲ್ಲಿ ಸಿಗುತ್ತದೆಂದೂ ಅವರೇ ಹೇಳುತ್ತಾರೆ.

ಒಳನೆಲ ಮುಗಿದು ಮುಂಗಟ್ಟೆ ಆರಂಭವಾಗುವ ಗೆರೆಯಲ್ಲಿ, ಅಗ್ಗಿಷ್ಟಿಕೆಯ ಬಾಯಿಯ ಅಗಲಕ್ಕೂ, ಸುಮಾರು 10 ಮಿ.ಮೀ. ಸಂದಿ ಬಿಡಿಸಿ. ಈ ಇಡೀ ಕೆಲಸದಲ್ಲಿ ನೀವು ಪಕ್ಕದಲ್ಲೇ ನಿಂತು ಮಾಡಿಸಬೇಕಾದ ಒಂದೇ ಒಂದು ಸಂಗತಿ ಇದ್ದರೆ ಅದು ಇದು. ಸಂದಿಯೊಳಗೆ ಗಾರೆ, ಟೈಲ್ಸ್ ಚೂರು, ಮರಳು ಯಾವುದೂ ಬೀಳಬಾರದು. ಅದಕ್ಕೆ ಸೆರಾಮಿಕ್ ಫೈಬರ್ ಹಗ್ಗವನ್ನು ಒತ್ತಿ ತುಂಬಿಸಿ, ಮೇಲಿನ ಒಂದೆರಡು ಮಿ.ಮೀ. ಖಾಲಿ ಬಿಟ್ಟರೂ ಸರಿಯೇ. ಬಾಯ್ಲರ್ ಬಾಗಿಲುಗಳಿಗೆ ಬಳಸುವ ಈ ಹಗ್ಗ ಕೈಗಾರಿಕಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕತ್ತರಿಸುವಾಗ ಕೈಗವಸು, ಮುಖಗವಸು ಇರಲಿ. ನೋಡಲು ಚೆನ್ನಾಗಿಲ್ಲ ಎಂದು ಮೇಸ್ತ್ರಿ ಅದರ ಮೇಲೆ ಗ್ರೌಟ್ ಎಳೆಯಲು ಬಂದರೆ ತಡೆಯಿರಿ. ಗೂಡಿನ ಇಟ್ಟಿಗೆ ಕೆಂಡದ ಬಿಸಿಗೆ ಹಿಗ್ಗಿದಾಗ ಮುಂದಿನ ಟೈಲ್ಸ್ ಸಾಲನ್ನು ತಳ್ಳದಂತೆ ನೋಡಿಕೊಳ್ಳುವುದು ಈ ಸಂದಿಯೊಂದೇ. ನಿಮ್ಮ ಹಳೆಯ ಕಟ್ಟೆಯಲ್ಲಿ ಬಾಯಿಯ ಪಕ್ಕದ ಸಾಲೇ ಮೊದಲು ಎದ್ದದ್ದಕ್ಕೆ ಇದರ ಅಭಾವವೇ ಕಾರಣವಿರಬೇಕು.

ಟೈಲ್ಸ್ ಆಯ್ಕೆಗೆ ಬರೋಣ. ಇಲ್ಲಿ ನಿಮಗೆ ಸಾಕಷ್ಟು ಸ್ವಾತಂತ್ರ್ಯವಿದೆ, ಬಣ್ಣ ನಿಮ್ಮಿಷ್ಟ. ಗುಣದ ದೃಷ್ಟಿಯಿಂದ ನಾನು ಆರಿಸುವುದು ಮ್ಯಾಟ್ ಮುಖದ ಫುಲ್ ಬಾಡಿ ವಿಟ್ರಿಫೈಡ್ ಟೈಲ್ಸ್, ಒಂದು ಅಡಿ ಚೌಕ, 10 ಮಿ.ಮೀ.ಗೆ ಕಡಿಮೆಯಿಲ್ಲದ ದಪ್ಪ. ಫುಲ್ ಬಾಡಿ ಏಕೆಂದರೆ, ಕೊರಡು ಬಿದ್ದು ಅಂಚು ಚಕ್ಕೆಯೆದ್ದರೂ ಒಳಗೂ ಅದೇ ಬಣ್ಣವಿರುವುದರಿಂದ ಕಲೆ ಎದ್ದು ಕಾಣುವುದಿಲ್ಲ. ಗ್ಲೇಜ್, ಅಂದರೆ ಗಾಜಿನಂಥ ಮೇಲ್ಲೇಪ, ಮಾಡಿದ ಟೈಲ್ಸ್‌ನಲ್ಲಿ ಬಿಳಿಯ ಗಾಯ ಶಾಶ್ವತ. ಹೊಳಪಿನ ಗ್ಲೇಜ್ ಬಿಸಿ-ತಣ್ಣಗಳ ಹೊಡೆತಕ್ಕೆ ಕೂದಲೆಳೆಯಂಥ ಗೆರೆಗಳನ್ನೂ ಬಿಡುತ್ತದೆ. ಅಂಗಡಿಯವರು ಎರಡಡಿ ಚೌಕದ, ಎರಡಡಿಗೆ ನಾಲ್ಕಡಿಯ ದೊಡ್ಡ ಟೈಲ್ಸ್‌ಗಳನ್ನೇ ಮುಂದೆ ಮಾಡುತ್ತಾರೆ. ಒಂದೇ ಟೈಲ್ಸ್‌ನ ಒಂದು ಅಂಚು ಬೆಂಕಿಯ ಬಾಯಲ್ಲೂ ಇನ್ನೊಂದು ಅಂಚು ತಣ್ಣನೆಯ ನೆಲದಲ್ಲೂ ಇದ್ದರೆ ಅದು ನಡುವೆ ಸೀಳುತ್ತದೆ; ಚಿಕ್ಕದಾದಷ್ಟೂ ಕ್ಷೇಮ.

ಕಲ್ಲನ್ನು ಇಷ್ಟಪಡುವುದಾದರೆ, ಜ್ವಾಲೆ ತಾಗದ ಮುಂಗಟ್ಟೆಯಲ್ಲಿ 20 ಮಿ.ಮೀ. ದಪ್ಪದ ಸಾದರಹಳ್ಳಿ ಬೂದುಗಲ್ಲು ಚೆನ್ನಾಗಿ ಬಾಳುತ್ತದೆ. ಚಾಮರಾಜನಗರದ ಕರಿಕಲ್ಲು ಇನ್ನೂ ಒಳ್ಳೆಯದು, ಅದರಲ್ಲಿ ಬೆಣಚುಕಲ್ಲಿನ ಅಂಶ ತೀರ ಕಡಿಮೆ. ಎಲ್ಲಕ್ಕಿಂತ ಮೇಲಿನದು ಬಳಪದ ಕಲ್ಲು. ಅದರ ಪಾತ್ರೆಗಳನ್ನು ನೇರ ಒಲೆಯ ಮೇಲಿಟ್ಟು ಅಡುಗೆ ಮಾಡಿದ ನಾಡು ನಮ್ಮದು. ಆದರೆ ಅದು ಮೆತ್ತಗಿರುವುದರಿಂದ ಕೊರಡು ಎಳೆದರೆ ಗೀರು ಬೀಳುತ್ತದೆ. ಕಡಪ ಕಲ್ಲು, ಶಹಾಬಾದ್ ಕಲ್ಲು, ಅಮೃತಶಿಲೆ ಮೂರೂ ಸುಣ್ಣದ ಜಾತಿಯವು. ಬೇಗ ಕಲೆಯಾಗುತ್ತವೆ, ಮೊದಲೆರಡು ಪದರು ಪದರಾಗಿ ಏಳುವುದೂ ಉಂಟು, ಇಲ್ಲಿಗೆ ಬೇಡ. ಅಡುಗೆಮನೆ ಕಟ್ಟೆಗೆ ಹಾಕುವ ಕ್ವಾರ್ಟ್ಜ್ ಚಪ್ಪಡಿಯಂತೂ ಪ್ಲಾಸ್ಟಿಕ್ ರಾಳದಿಂದ ಅಂಟಿಸಿದ್ದು, ಒಂದು ಕೆಂಡ ಬಿದ್ದರೆ ಕಂದು ಮಚ್ಚೆ ಉಳಿಯುತ್ತದೆ. ಚೆಟ್ಟಿನಾಡಿನ ಆತಂಗುಡಿ ಬಿಲ್ಲೆಗಳು ಬಹಳ ಸುಂದರ, ಆದರೆ ಅವು ಸುಡದೆ ಮಾಡಿದ ಸಿಮೆಂಟ್ ಬಿಲ್ಲೆಗಳು, ಮಸಿಯನ್ನು ಹೀರಿಕೊಳ್ಳುತ್ತವೆ. ಅವು ಬೇಕೇ ಬೇಕೆಂದರೆ ಹೊರ ಅಂಚಿನ ಪಟ್ಟಿಗೆ ಇಟ್ಟುಕೊಳ್ಳಿ.

ಒಂದಡಿ ಟೈಲ್ಸ್ ನಿಮ್ಮ ಅಳತೆಗೆ ಚೆನ್ನಾಗಿ ಹೊಂದುತ್ತದೆ. ಅಗಲಕ್ಕೆ ಐದು, ಆಳಕ್ಕೆ ಎರಡು, ಒಟ್ಟು ಹತ್ತು ಇಡೀ ಟೈಲ್ಸ್. 3 ಮಿ.ಮೀ. ಸಂದಿ ಸೇರಿಸಿದರೆ ಸುಮಾರು 1,512 ಮಿ.ಮೀ. ಅಗಲ, 603 ಮಿ.ಮೀ. ಆಳ. ಸುತ್ತ ಎರಡು ಇಂಚಿನ ಕರಿಕಲ್ಲಿನ ಪಟ್ಟಿ ಕೊಟ್ಟರೆ ಬೇಕಾದ ಐದು ಅಡಿಯನ್ನೂ ಇಪ್ಪತ್ತು ಇಂಚನ್ನೂ ನೆಮ್ಮದಿಯಾಗಿ ದಾಟುತ್ತೀರಿ, ಎಲ್ಲೂ ಕತ್ತರಿಸಿದ ತುಂಡು ಬರುವುದಿಲ್ಲ. ಸಂಖ್ಯೆ ಬೆಸವಾಗಿರುವುದು ಇಲ್ಲಿ ಅನುಕೂಲ: ನಡುವಿನ ಟೈಲ್ಸ್‌ನ ಮಧ್ಯಗೆರೆಯನ್ನು ಬಾಯಿಯ ಮಧ್ಯಗೆರೆಗೆ ಕೂರಿಸಿ ಅಲ್ಲಿಂದ ಎರಡೂ ಪಕ್ಕಕ್ಕೆ ಹೋಗಬಹುದು. ಗೋಡೆಯ ಮೂಲೆಯಿಂದ ಆರಂಭಿಸಬೇಡಿ, ಹಳೆಯ ಬಂಗಲೆಯ ಮೂಲೆಗಳು ಲಂಬಕೋನದಲ್ಲಿರುವುದು ಅಪರೂಪ. ಅಂಟು ಕಲಸುವ ಮೊದಲು ಎಲ್ಲವನ್ನೂ ಒಣಗಾಗಿ ಜೋಡಿಸಿ ನೋಡಿ. ಕಟ್ಟೆಯ ಎತ್ತರದ ಬಗ್ಗೆಯೂ ಒಂದು ಮಾತು. ಹಲಗೆಯ ನೆಲಕ್ಕಿಂತ ಎರಡು ಇಂಚಾದರೂ ಎತ್ತರವಿದ್ದರೆ ಕೆಂಡ ಉರುಳುವುದು ನಿಲ್ಲುತ್ತದೆ, ಕಾರ್ಪೆಟನ್ನು ಅಲ್ಲಿಯವರೆಗೆ ಎಳೆಯಬಾರದೆಂಬುದೂ ಕಣ್ಣಿಗೆ ತಿಳಿಯುತ್ತದೆ. ಅರ್ಧ ಇಂಚಿನ ಅರೆಬರೆ ಮೆಟ್ಟಿಲು ಮಾತ್ರ ಬೇಡ. ಕತ್ತಲಲ್ಲಿ ಅತಿಥಿಗಳು ಎಡವುವುದು ಅಂಥದ್ದನ್ನೇ.

ಅಂಟು ಸಿಮೆಂಟ್ ಆಧಾರಿತ, ಪಾಲಿಮರ್ ಬೆರೆತ ಪುಡಿಯದ್ದಾಗಿರಬೇಕು. ಚೀಲದ ಮೇಲೆ ಐಎಸ್ 15477 ಎಂಬ ಭಾರತೀಯ ಮಾನಕದ ಸಂಖ್ಯೆ ಇರುತ್ತದೆ. ಅದರ ಟೈಪ್ 1 ಸಾಮಾನ್ಯ ಸೆರಾಮಿಕ್ ಟೈಲ್ಸ್‌ಗೆ. ನಿಮಗೆ ಬೇಕಾದದ್ದು ಟೈಪ್ 3 ಅಥವಾ ಟೈಪ್ 4, ಜೊತೆಗೆ ಎಸ್1 ಎಂಬ ಗುರುತಿದ್ದರೆ ತುಸು ಬಾಗುವ ಗುಣವೂ ಇದೆಯೆಂದು ಅರ್ಥ. ಟೈಪ್ 5 ಎಲ್ಲಕ್ಕಿಂತ ಮೇಲಿನದೆಂದು ಅಂಗಡಿಯವರು ಕೊಡಬಹುದು. ಅದು ರಾಳದ ಅಂಟು, ಬಿಸಿಗೆ ಮೆತ್ತಗಾಗುತ್ತದೆ. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಪೇಸ್ಟ್, ಸಿಮೆಂಟಿಗೆ ಮರದ ಅಂಟು ಬೆರೆಸುವ ಉಪಾಯ ಎರಡೂ ಬೇಡ. ಸಿಮೆಂಟ್ ಆಧಾರಿತ ಅಂಟುಗಳೂ ಸಾಮಾನ್ಯವಾಗಿ 80ರಿಂದ 100 ಡಿಗ್ರಿಯವರೆಗಷ್ಟೇ ಭರವಸೆ ಕೊಡುತ್ತವೆ, ಆದ್ದರಿಂದ ಉತ್ಪನ್ನದ ವಿವರಪಟ್ಟಿಯಲ್ಲಿ ಆ ಅಂಕಿಯನ್ನು ನೋಡಿಯೇ ಕೊಳ್ಳಿ. ನಿಮ್ಮ ಕಟ್ಟೆ ಎಷ್ಟು ಕಾಯುತ್ತದೆ ಎಂದು ಊಹಿಸಬೇಕಾಗಿಲ್ಲ. ಕೆಲಸ ಆರಂಭಿಸುವ ಮೊದಲೇ ಒಂದು ಸಂಜೆ ಎಂದಿನಂತೆ ಬೆಂಕಿ ಹಾಕಿ, ಎರಡು ಗಂಟೆ ಕಳೆದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಬಾಯಿಯ ಅಂಚಿನಿಂದ ಮುಂದಕ್ಕೆ ಇಂಚಿಂಚಾಗಿ ಅಳೆಯಿರಿ. ಎಲ್ಲಿ 80 ಡಿಗ್ರಿ ದಾಟುತ್ತದೋ ಅಲ್ಲಿಯವರೆಗೆ ಟೈಲ್ಸ್ ಬದಲು ಬೆಂಕಿ ಇಟ್ಟಿಗೆಯ ಒಂದು ಸಾಲನ್ನೇ ಮುಂದಕ್ಕೆ ತನ್ನಿ, ಹಗ್ಗದ ಸಂದಿಯನ್ನು ಅದರಾಚೆ ಬಿಡಿ. ನೋಟಕ್ಕೂ ಅದು ಚೆನ್ನಾಗಿಯೇ ಇರುತ್ತದೆ.

ಅಂಟನ್ನು ಕರಣೆಯಿಂದ ಗುಪ್ಪೆ ಗುಪ್ಪೆಯಾಗಿ ಇಟ್ಟು ಟೈಲ್ಸ್ ಒತ್ತುವುದು ನಮ್ಮಲ್ಲಿನ ಸಾಮಾನ್ಯ ರೂಢಿ. ಗುಪ್ಪೆಗಳ ನಡುವೆ ಟೊಳ್ಳು ಉಳಿಯುತ್ತದೆ, ಆ ಟೊಳ್ಳಿನ ಮೇಲೆ ಕೊರಡು ಬಿದ್ದರೆ ಟೈಲ್ಸ್ ಸೀಳುತ್ತದೆ. ಹಲ್ಲಿನ ಕರಣೆ, 8ರಿಂದ 10 ಮಿ.ಮೀ. ಹಲ್ಲಿನದು, ಒಂದೇ ದಿಕ್ಕಿಗೆ ನೇರ ಗೆರೆಗಳಾಗಿ ಎಳೆದು, ಟೈಲ್ಸ್‌ನ ಬೆನ್ನಿಗೂ ತೆಳುವಾಗಿ ಅಂಟು ಸವರಿ, ಗೆರೆಗಳಿಗೆ ಅಡ್ಡಲಾಗಿ ಅಲುಗಿಸುತ್ತ ಕೂರಿಸಬೇಕು. ಮೊದಲ ಟೈಲ್ಸ್ ಕೂರಿಸಿದ ಕೂಡಲೇ ಅದನ್ನು ಎಬ್ಬಿಸಿ ಬೆನ್ನು ನೋಡಿ. ಎಲ್ಲೆಡೆ ಅಂಟು ಹತ್ತಿದ್ದರೆ ಮುಂದುವರಿಸಿ, ನಡುವೆ ಬರಿದಾಗಿದ್ದರೆ ಅಂಟು ಗಟ್ಟಿಯಾಗಿ ಕಲಸಿದೆ ಅಥವಾ ಹಲ್ಲು ಚಿಕ್ಕದಿದೆ. ರಸಮಟ್ಟವನ್ನು ಎರಡೂ ದಿಕ್ಕಿಗೆ ಇಟ್ಟು ನೋಡುತ್ತಿರಲಿ.

ಮರುದಿನ ಗ್ರೌಟ್. ಸಿಮೆಂಟ್ ಗ್ರೌಟನ್ನೇ ಬಳಸಿ, ರಾಳದ ಎಪಾಕ್ಸಿ ಬೇಡ. ಬಿಳಿ ಬಣ್ಣವೂ ಬೇಡ, ಬೂದಿಯ ಬಣ್ಣದ್ದೇ ಜಾಣತನ. ಕಟ್ಟೆಯ ಹೊರ ಅಂಚು ತೇಗದ ಹಲಗೆಗೆ ಸೇರುವಲ್ಲಿ ಗ್ರೌಟ್ ತುಂಬದೆ 6ರಿಂದ 8 ಮಿ.ಮೀ. ಸಂದಿ ಬಿಟ್ಟು, ಬಿಸಿ ತಾಳುವ ಸಿಲಿಕೋನ್ ಹಾಕಿಸಿ, ಏಕೆಂದರೆ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಾಯಿಯ ಸುತ್ತಲಿನ ಗೋಡೆಗೂ ಟೈಲ್ಸ್ ಹಾಕುವುದಾದರೆ ಇದೇ ಕ್ರಮ; ಮರದ ಚೌಕಟ್ಟು ಮಾತ್ರ ಬಾಯಿಯ ಅಂಚಿನಿಂದ ಆರು ಇಂಚು ದೂರವೇ ಇರಲಿ.

ಟೈಲ್ಸ್ ಕೂರಿಸಿದ ಮೇಲೆ ಇಪ್ಪತ್ತೆಂಟು ದಿನ ಬೆಂಕಿ ಹಾಕಬೇಡಿ. ಆಮೇಲೂ ಮೊದಲ ಮೂರ್ನಾಲ್ಕು ಸಂಜೆ ಕಾಫಿ ಗಿಡದ ಒಣ ಕಡ್ಡಿಗಳ ಚಿಕ್ಕ ಬೆಂಕಿ ಸಾಕು, ಪ್ರತಿ ಸಲ ತುಸು ಹೆಚ್ಚಿಸುತ್ತ ಹೋಗಿ. ಅಷ್ಟರೊಳಗೆ ಚಿಮಣಿಯನ್ನೂ ಗುಡಿಸಿಡಿ. ಅತಿಥಿಗಳು ಮಲಗುವ ಮನೆಯಾದ್ದರಿಂದ ಬಾಯಿಗೆ ತಂತಿಜಾಲರಿಯ ತಡೆ, ಹಜಾರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಇರಲಿ. ಬೂದಿ ತಣ್ಣಗಾದಂತೆ ಕಂಡರೂ ಅದರೊಳಗೆ ಕೆಂಡ ಮರುದಿನದವರೆಗೂ ಜೀವಂತವಿರುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಬುಟ್ಟಿಗೆ ತುಂಬದೆ ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ ಹೊರಗಿಡಬೇಕು.

ಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸುವ ಮೊದಲು ಬೂದಿಯನ್ನು ಒಣಗಾಗಿಯೇ ಗುಡಿಸಿ ತೆಗೆಯಿರಿ. ನೀರು ಬಿದ್ದ ಬೂದಿ ಕ್ಷಾರವಾಗಿ ಸಂದಿಗಳಿಗೆ ಇಳಿಯುತ್ತದೆ. ಗ್ರೌಟ್ ಕಪ್ಪಾಯಿತೆಂದು ಬಚ್ಚಲಿಗೆ ಬಳಸುವ ಆಸಿಡ್ ಸುರಿಯಬೇಡಿ, ಅದು ಸಿಮೆಂಟನ್ನೇ ತಿನ್ನುತ್ತದೆ. ಮಸಿ ಹಿಡಿದ ಒಂದೆರಡು ಸಂದಿಗಳನ್ನು ಕೆತ್ತಿ ಹೊಸ ಗ್ರೌಟ್ ತುಂಬಿಸುವುದು ಅರ್ಧ ದಿನದ ಕೆಲಸ, ಅದನ್ನು ನೀವೇ ಮಾಡಿಕೊಳ್ಳಬಹುದು.